‘ರಿಟರ್ನ್’ ಕ್ರಿಯಾಪದವನ್ನು ತಪ್ಪಿಲ್ಲದೆ ಬಳಸುವುದು ಹೇಗೆ

ಕನ್ನಡದಲ್ಲಿ ‘ಮರಳು’ ಬೇರೆ, ‘ಮರಳಿಸು’ ಬೇರೆ. ‘ಹಿಂದಿರುಗು’ ಎಂದರೆ ತಾನೇ ಬರುವುದು, ‘ಹಿಂದಿರುಗಿಸು’ ಎಂದರೆ ಇನ್ನೊಂದನ್ನು ವಾಪಸ್ ಕೊಡುವುದು ಅಥವಾ ಕಳಿಸುವುದು. ಎರಡನ್ನೂ ಬೇರೆ ಮಾಡುವುದು ‘ಇಸು’ ಎಂಬ ಪುಟ್ಟ ಪ್ರತ್ಯಯ. ಇಂಗ್ಲಿಷಿನ ‘ರಿಟರ್ನ್’ಗೆ ಅಂಥ ಪ್ರತ್ಯಯವಿಲ್ಲ. ಎರಡೂ ಕೆಲಸಕ್ಕೆ ಒಂದೇ ರೂಪ. ಯಾವ ಅರ್ಥ ಎಂದು ತಿಳಿಯಬೇಕಾದರೆ ಆ ಪದದ ಬೆನ್ನಿಗೇ ಏನು ಬಂದಿದೆ ಎಂದು ನೋಡಬೇಕು. ಕನ್ನಡಿಗರು ಈ ಪದದಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ.

ರೂಪಗಳಲ್ಲಿ ಕಷ್ಟವೇನಿಲ್ಲ: ರಿಟರ್ನ್, ರಿಟರ್ನ್ಸ್, ರಿಟರ್ನಿಂಗ್, ರಿಟರ್ನ್ಡ್. ಭೂತಕಾಲದ ಕೊನೆಯಲ್ಲಿ ಕೇಳಿಸುವುದು ಬರೀ ‘ಡ್’, ‘ರಿಟರ್ನೆಡ್’ ಎಂದು ಎಳೆಯಬಾರದು. ಒತ್ತು ಎರಡನೆಯ ಭಾಗದ ಮೇಲೆ, ಅಂದರೆ ‘ಟರ್ನ್’ ಮೇಲೆ ಬೀಳುತ್ತದೆ. ಮೊದಲ ‘ರಿ’ ಹ್ರಸ್ವವಾಗಿ, ಹಗುರವಾಗಿ ಬಂದುಹೋಗುತ್ತದೆ. ಇಂಗ್ಲಿಷಿನ ಕೆಲವು ಪದಗಳು ನಾಮಪದವಾದಾಗ ಒತ್ತನ್ನು ಮೊದಲ ಭಾಗಕ್ಕೆ ಬದಲಿಸಿಕೊಳ್ಳುತ್ತವೆ (‘ರೆಕಾರ್ಡ್’ ಹಾಗೆ). ‘ರಿಟರ್ನ್’ ನಾಮಪದವಾದರೂ ಒತ್ತು ಇದ್ದಲ್ಲೇ ಇರುತ್ತದೆ.

ಮುಂದೆ ಕರ್ಮ ಇದೆಯೇ, ಇಲ್ಲವೇ

ಈ ಎರಡು ವಾಕ್ಯ ನೋಡಿ:

‘ಶಿ ರಿಟರ್ನ್ಡ್ ಟು ದ ವಿಲೇಜ್.’ ಅವಳು ಹಳ್ಳಿಗೆ ಮರಳಿದಳು.

‘ಶಿ ರಿಟರ್ನ್ಡ್ ದ ವಿಲೇಜ್.’ ಅವಳು ಹಳ್ಳಿಯನ್ನು ಮರಳಿಸಿದಳು!

‘ಟು’ ಒಂದು ಬಿಟ್ಟುಹೋದರೆ ಹಳ್ಳಿಯನ್ನೇ ಯಾರಿಗೋ ವಾಪಸ್ ಕೊಟ್ಟಂತಾಯಿತು. ನಮ್ಮ ‘-ಗೆ’ ಪ್ರತ್ಯಯ ಮಾಡುವ ಕೆಲಸವನ್ನು ಇಲ್ಲಿ ‘ಟು’ ಮಾಡುತ್ತದೆ. ಏನೂ ಇಲ್ಲದೆ ನೇರವಾಗಿ ನಾಮಪದ ಬಂದರೆ ಅದನ್ನು ‘ಅನ್ನು’ ಹಚ್ಚಿಕೊಂಡ ಕರ್ಮ ಎಂದೇ ಇಂಗ್ಲಿಷ್ ಓದುಗ ಓದುತ್ತಾನೆ.

ತಿರುಗಿಸಿದರೂ ಅಪಾಯವೇ. ‘ಹಿ ರಿಟರ್ನ್ಡ್ ದ ಬುಕ್’ ಎಂದರೆ ಪುಸ್ತಕವನ್ನು ವಾಪಸ್ ಕೊಟ್ಟ. ‘ಹಿ ರಿಟರ್ನ್ಡ್ ಟು ದ ಬುಕ್’ ಎಂದರೆ ನಡುವೆ ಬಿಟ್ಟಿದ್ದ ಪುಸ್ತಕವನ್ನು ಮತ್ತೆ ಓದತೊಡಗಿದ. ಇನ್ನೂ ಸೂಕ್ಷ್ಮವಾದದ್ದು ‘ವಿತ್’. ‘ಹಿ ರಿಟರ್ನ್ಡ್ ವಿತ್ ದ ಮನಿ’ ಎಂದರೆ ಹಣ ತೆಗೆದುಕೊಂಡು ಬಂದ, ಹಣ ಅವನ ಕೈಯಲ್ಲೇ ಇದೆ. ‘ಹಿ ರಿಟರ್ನ್ಡ್ ದ ಮನಿ’ ಎಂದರೆ ಹಣ ಕೊಟ್ಟುಬಿಟ್ಟ, ಅವನ ಕೈ ಖಾಲಿ. ಒಂದು ಸಣ್ಣ ಪದ ಅರ್ಥವನ್ನು ತಲೆಕೆಳಗು ಮಾಡಿತು.

ಆದ್ದರಿಂದ ಬರೆಯುವ ಮೊದಲು ಕನ್ನಡ ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿಯಾಗಿ ಹೇಳಿಕೊಳ್ಳಿ. ಕ್ರಿಯಾಪದದಲ್ಲಿ ‘ಇಸು’ ಇದೆಯೇ, ಅಥವಾ ‘ವಾಪಸ್ ಕೊಡು’, ‘ವಾಪಸ್ ಕಳಿಸು’ ಎಂದಿದೆಯೇ? ಹಾಗಿದ್ದರೆ ‘ಏನನ್ನು?’ ಎಂದು ಕೇಳಿ, ಸಿಕ್ಕ ಉತ್ತರವನ್ನು ‘ರಿಟರ್ನ್’ ಪಕ್ಕದಲ್ಲೇ ಇಡಿ. ‘ಯಾರಿಗೆ?’ ಎಂಬುದರ ಉತ್ತರ ‘ಟು’ ಜೊತೆ ಆಮೇಲೆ ಬರುತ್ತದೆ. ‘ಮರಳು’, ‘ವಾಪಸ್ ಬಾ’, ‘ವಾಪಸ್ ಹೋಗು’ ಆಗಿದ್ದರೆ ‘ಏನನ್ನು?’ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ‘ಎಲ್ಲಿಗೆ?’, ‘ಎಲ್ಲಿಂದ?’ ಎಂದಷ್ಟೇ ಕೇಳಿಕೊಂಡು ‘ಟು’ ಅಥವಾ ‘ಫ್ರಮ್’ ಹಾಕಿದರೆ ಸಾಕು.

ಇಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ತಪ್ಪೊಂದಿದೆ. ಕನ್ನಡದಲ್ಲಿ ಕರ್ಮವನ್ನು ಒಮ್ಮೆ ಹೇಳಿದರೆ ಮತ್ತೆ ಹೇಳಬೇಕಿಲ್ಲ: ‘ಅರ್ಜಿ ತುಂಬಿ ವಾಪಸ್ ಕಳಿಸಿ’. ಇದನ್ನೇ ಹೊಂದಿಸಿ ‘ಫಿಲ್ ಇನ್ ದ ಫಾರ್ಮ್ ಅಂಡ್ ರಿಟರ್ನ್ ಬೈ ಮಂಡೇ’ ಎಂದರೆ, ಅರ್ಜಿ ತುಂಬಿ ನೀವೇ ಸೋಮವಾರದೊಳಗೆ ಮರಳಿ ಬನ್ನಿ ಎಂಬ ಅರ್ಥವೂ ಹೊರಡುತ್ತದೆ. ‘ರಿಟರ್ನ್ ಇಟ್’ ಎಂದು ಬರೆಯಲೇಬೇಕು. ಅಚ್ಚಾದ ನಮೂನೆಗಳ ಮೇಲೆ ‘ಸೈನ್ ಅಂಡ್ ರಿಟರ್ನ್’ ಎಂದು ಇರುತ್ತದಲ್ಲ ಎಂದು ಕೇಳಬಹುದು. ಅದು ಸೂಚನಾ ಫಲಕಗಳ ಸಂಕ್ಷಿಪ್ತ ಭಾಷೆ. ಪೂರ್ಣ ವಾಕ್ಯದಲ್ಲಿ ‘ಇಟ್’ ಅಥವಾ ‘ದೆಮ್’ ಬೇಕು.

ನಿಯಮಕ್ಕೆ ಒಂದು ಹೊರತು ಉಂಟು. ‘ಹಿ ರಿಟರ್ನ್ಡ್ ಎ ರಿಚ್ ಮ್ಯಾನ್’ ಎಂಬ ವಾಕ್ಯದಲ್ಲಿ ‘ಟು’ ಇಲ್ಲ, ನೇರವಾಗಿ ನಾಮಪದವೇ ಬಂದಿದೆ. ಹಾಗೆಂದು ಅವನು ಯಾವ ಶ್ರೀಮಂತನನ್ನೂ ವಾಪಸ್ ಕೊಟ್ಟಿಲ್ಲ, ಶ್ರೀಮಂತನಾಗಿ ಮರಳಿದ. ‘ಹಿ’ ಮತ್ತು ‘ಎ ರಿಚ್ ಮ್ಯಾನ್’ ಇಬ್ಬರೂ ಒಬ್ಬನೇ. ಕರ್ತೃ ಮತ್ತು ಮುಂದೆ ಬಂದ ಪದ ಒಂದೇ ವ್ಯಕ್ತಿಯನ್ನು ಸೂಚಿಸಿದರೆ ಅದು ಕರ್ಮವಾಗುವುದಿಲ್ಲ, ಕನ್ನಡದ ‘ಆಗಿ’ಗೆ ಸಮನಾಗುತ್ತದೆ. ‘ಶಿ ರಿಟರ್ನ್ಡ್ ಸೇಫ್’ (ಕ್ಷೇಮವಾಗಿ ಮರಳಿದಳು), ‘ದೇ ರಿಟರ್ನ್ಡ್ ಎಂಪ್ಟಿ ಹ್ಯಾಂಡೆಡ್’ (ಬರಿಗೈಲಿ ಮರಳಿದರು) ಇವೂ ಇದೇ ಜಾತಿ. ಓದುವಾಗ ಇವನ್ನು ಗುರುತಿಸಿದರೆ ಸಾಕು, ಬರೆಯಲು ಹೋಗಲೇಬೇಕೆಂದಿಲ್ಲ.

‘ರಿಟರ್ನ್ ಮಿ’ ಏಕೆ ಸರಿ ಕೇಳಿಸುವುದಿಲ್ಲ

‘ಗಿವ್ ಮಿ ದ ಬುಕ್’ ಸರಿಯಾದರೆ ‘ರಿಟರ್ನ್ ಮಿ ದ ಬುಕ್’ ಏಕೆ ಸರಿಯಲ್ಲ? ಎರಡೂ ಕೊಡುವ ಕೆಲಸವೇ. ಆದರೆ ಕ್ರಿಯಾಪದದ ಪಕ್ಕದಲ್ಲೇ ಪಡೆಯುವವರನ್ನು ಕೂರಿಸುವ ಸವಲತ್ತು ಇಂಗ್ಲಿಷಿನಲ್ಲಿ ‘ಗಿವ್’, ‘ಸೆಂಡ್’, ‘ಲೆಂಡ್’ ಮುಂತಾದವಕ್ಕೆ ಇದೆ. ‘ರಿಟರ್ನ್’, ‘ಎಕ್ಸ್‌ಪ್ಲೇನ್’ ಮುಂತಾದವಕ್ಕೆ ಸಾಮಾನ್ಯವಾಗಿ ಇಲ್ಲ. ಹಾಗಾಗಿ ‘ರಿಟರ್ನ್ ದ ಬುಕ್ ಟು ಮಿ’ ಎನ್ನಬೇಕು. ‘ಎಕ್ಸ್‌ಪ್ಲೇನ್ ಮಿ’ ಎಂಬ ತಪ್ಪಿಗೂ ಇದೇ ಮದ್ದು: ‘ಎಕ್ಸ್‌ಪ್ಲೇನ್ ಇಟ್ ಟು ಮಿ’.

ಮಾತಿನಲ್ಲಾದರೆ ‘ಗಿವ್ ಬ್ಯಾಕ್’ ಹಗುರವಾಗಿ ಬರುತ್ತದೆ. ಅದರಲ್ಲಿ ಪದಗಳ ಕ್ರಮದ ಕಡೆ ಗಮನ ಬೇಕು. ‘ಗಿವ್ ಬ್ಯಾಕ್ ದ ಕೀ’, ‘ಗಿವ್ ದ ಕೀ ಬ್ಯಾಕ್’, ‘ಗಿವ್ ಮಿ ದ ಕೀ ಬ್ಯಾಕ್’ ಎಲ್ಲವೂ ಸರಿ. ಆದರೆ ‘ಇಟ್’, ‘ದೆಮ್’ ಬಂದರೆ ಅವು ನಡುವೆಯೇ ಕೂರಬೇಕು: ‘ಗಿವ್ ಇಟ್ ಬ್ಯಾಕ್’. ‘ಗಿವ್ ಬ್ಯಾಕ್ ಇಟ್’ ಎಂದು ಯಾರೂ ಹೇಳುವುದಿಲ್ಲ. ‘ಸೆಂಡ್ ಬ್ಯಾಕ್’, ‘ಟೇಕ್ ಬ್ಯಾಕ್’, ‘ಪುಟ್ ಬ್ಯಾಕ್’, ‘ಪೇ ಬ್ಯಾಕ್’ ಎಲ್ಲಕ್ಕೂ ಇದೇ ನಿಯಮ.

ಸಾಲದ ವಿಷಯ ಬಂದರೆ ‘ರಿಟರ್ನ್ ದ ಲೋನ್’ಗಿಂತ ‘ರಿಪೇ ದ ಲೋನ್’ ಅಥವಾ ‘ಪೇ ಬ್ಯಾಕ್ ದ ಲೋನ್’ ಲೇಸು. ‘ರಿಟರ್ನ್’ ಎಂದಾಗ ಕೊಟ್ಟ ವಸ್ತುವೇ ಹಾಗೇ ವಾಪಸ್ ಬರುತ್ತದೆ ಎಂಬ ಭಾವ ಇರುತ್ತದೆ. ಸಾಲವೋ ಕಂತುಕಂತಾಗಿ, ಬಡ್ಡಿಯೊಂದಿಗೆ ತೀರುವಂಥದು.

‘ಟು’ ಎಲ್ಲಿ ಬೇಡ

‘ಅವನು ಮನೆಗೆ ಮರಳಿದ’ ಎಂಬುದರಲ್ಲಿ ‘-ಗೆ’ ಕಾಣುತ್ತದೆ, ‘ಟು’ ಹಾಕೋಣ ಎನಿಸುತ್ತದೆ. ಆದರೆ ‘ರಿಟರ್ನ್ಡ್ ಟು ಹೋಮ್’ ತಪ್ಪು, ‘ರಿಟರ್ನ್ಡ್ ಹೋಮ್’ ಸರಿ. ಇಲ್ಲಿ ‘ಹೋಮ್’ ಎಂಬುದರೊಳಗೇ ‘-ಗೆ’ ಅಡಗಿದೆ, ಅದು ‘ಮನೆಗೆ’ ಎಂಬ ಅವ್ಯಯದಂತೆ ನಡೆದುಕೊಳ್ಳುತ್ತದೆ. ‘ಹಿಯರ್’, ‘ದೇರ್’, ‘ಅಪ್‌ಸ್ಟೇರ್ಸ್’ ಕೂಡ ಹೀಗೇ: ‘ಶಿ ನೆವರ್ ರಿಟರ್ನ್ಡ್ ದೇರ್’.

ಆದರೆ ಯಾರ ಮನೆ ಎಂದು ಹೇಳಿದ ಕೂಡಲೇ ‘ಹೋಮ್’ ಮಾಮೂಲಿ ನಾಮಪದವಾಗುತ್ತದೆ, ‘ಟು’ ಮತ್ತೆ ಬರುತ್ತದೆ: ‘ದೇ ರಿಟರ್ನ್ಡ್ ಟು ದೇರ್ ಹೋಮ್ಸ್’, ‘ಐ ರಿಟರ್ನ್ಡ್ ಟು ಮೈ ಹೌಸ್’. ‘ಹೌಸ್’ ಎಂಬ ಪದಕ್ಕಂತೂ ‘ಟು’ ಯಾವಾಗಲೂ ಬೇಕು. ‘ಫ್ರಮ್’ಗೆ ಈ ತಂಟೆಯಿಲ್ಲ. ‘ಫ್ರಮ್ ಹೋಮ್’, ‘ಫ್ರಮ್ ದೇರ್’, ‘ಫ್ರಮ್ ಅಬ್ರಾಡ್’ ಎಲ್ಲ ನಡೆಯುತ್ತವೆ.

‘ಟು’ ಮುಂದೆ ಕ್ರಿಯಾಪದ ಬಂದರೆ ಇನ್ನೊಂದು ತಿರುವು. ‘ಶಿ ರಿಟರ್ನ್ಡ್ ಟು ಟೀಚಿಂಗ್’ ಎಂದರೆ ನಿಲ್ಲಿಸಿದ್ದ ಪಾಠ ಹೇಳುವ ವೃತ್ತಿಯನ್ನು ಮತ್ತೆ ಹಿಡಿದಳು. ‘ಶಿ ರಿಟರ್ನ್ಡ್ ಟು ಟೀಚ್’ ಎಂದರೆ ಪಾಠ ಹೇಳುವುದಕ್ಕಾಗಿ ಬಂದಳು, ಹಿಂದೆ ಹೇಳುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಮೊದಲನೆಯದು ‘-ಗೆ’, ಎರಡನೆಯದು ‘-ಲು’.

ಹೊತ್ತು ಹೇಳುವಾಗ

ನಮ್ಮ ‘ಒಳಗೆ’ ಎರಡು ಕೆಲಸ ಮಾಡುತ್ತದೆ. ‘ಒಂದು ಗಂಟೆಯೊಳಗೆ ಬರುತ್ತೇನೆ’ ಎಂಬುದರಲ್ಲಿ ಅವಧಿ ಇದೆ. ‘ಆರು ಗಂಟೆಯೊಳಗೆ ಬರುತ್ತೇನೆ’ ಎಂಬುದರಲ್ಲಿ ಗಡಿಯಾರದ ಒಂದು ಬಿಂದು ಇದೆ. ಇಂಗ್ಲಿಷಿನಲ್ಲಿ ಅವಧಿಗೆ ‘ವಿದಿನ್’, ಬಿಂದುವಿಗೆ ‘ಬೈ’: ‘ಐ ವಿಲ್ ರಿಟರ್ನ್ ವಿದಿನ್ ಆ್ಯನ್ ಅವರ್’, ‘ಐ ವಿಲ್ ರಿಟರ್ನ್ ಬೈ ಸಿಕ್ಸ್’. ‘ವಿದಿನ್ ಸಿಕ್ಸ್ ಓ ಕ್ಲಾಕ್’, ‘ವಿದಿನ್ ಮಂಡೇ’ ಎರಡೂ ತಪ್ಪು. ‘ಇನ್ ಆ್ಯನ್ ಅವರ್’ ಎಂದರೆ ಸುಮಾರು ಒಂದು ಗಂಟೆ ಕಳೆದ ಮೇಲೆ, ‘ವಿದಿನ್’ ಎಂದರೆ ಅದಕ್ಕೂ ಮುಂಚೆಯೇ ಬರಬಹುದು. ‘ಸೋಮವಾರದವರೆಗೆ ಬರುವುದಿಲ್ಲ’ ಎಂಬುದಕ್ಕೆ ‘ಅಂಟಿಲ್’: ‘ಐ ವೋಂಟ್ ರಿಟರ್ನ್ ಅಂಟಿಲ್ ಮಂಡೇ’.

ಕಾಲದ ರೂಪದಲ್ಲಿ ಎರಡು ತಪ್ಪುಗಳನ್ನು ಮಾತ್ರ ತಿದ್ದಿಕೊಂಡರೆ ಬಹುಪಾಲು ಗೆದ್ದಂತೆ.

ಮೊದಲನೆಯದು ‘ಐ ಹ್ಯಾವ್ ರಿಟರ್ನ್ಡ್ ಯೆಸ್ಟರ್‌ಡೇ’. ‘ನಿನ್ನೆ ಬಂದಿದ್ದೇನೆ’ ಎಂಬ ಕನ್ನಡದ ಧಾಟಿ ಇದಕ್ಕೆ ಕಾರಣ. ‘ನಿನ್ನೆ’, ‘ಹೋದ ವಾರ’, ‘ಎರಡು ಗಂಟೆಗೆ’ ಎಂದು ಮುಗಿದುಹೋದ ಹೊತ್ತನ್ನು ಹೆಸರಿಸಿದ ಮೇಲೆ ‘ಹ್ಯಾವ್’ ಇರಕೂಡದು. ‘ಐ ರಿಟರ್ನ್ಡ್ ಯೆಸ್ಟರ್‌ಡೇ’ ಎನ್ನಿ. ಹೊತ್ತು ಹೇಳದೆ, ಈಗ ಇಲ್ಲಿದ್ದಾನೆ ಎಂದು ತಿಳಿಸಬೇಕಾದರೆ ‘ಹಿ ಹ್ಯಾಸ್ ರಿಟರ್ನ್ಡ್’ ಸರಿ.

ಎರಡನೆಯದು ‘ವೆನ್ ಹಿ ವಿಲ್ ರಿಟರ್ನ್, ಟೆಲ್ ಹಿಮ್’. ಮಾತು ಮುಂದಿನ ಕಾಲದ್ದೇ ಆದರೂ ‘ವೆನ್’, ‘ಆಫ್ಟರ್’, ‘ಬಿಫೋರ್’, ‘ಅಂಟಿಲ್’, ‘ಆ್ಯಸ್ ಸೂನ್ ಆ್ಯಸ್’ ಎಂದು ಹೊತ್ತು ಗೊತ್ತುಪಡಿಸುವ ಉಪವಾಕ್ಯದಲ್ಲಿ ‘ವಿಲ್’ ಬರುವುದಿಲ್ಲ: ‘ವೆನ್ ಹಿ ರಿಟರ್ನ್ಸ್, ಟೆಲ್ ಹಿಮ್’. ಪ್ರಶ್ನೆಯಾದರೆ ‘ವಿಲ್’ ಇರಲಿ: ‘ವೆನ್ ವಿಲ್ ಹಿ ರಿಟರ್ನ್?’ ಪ್ರಶ್ನೆಯನ್ನು ಇನ್ನೊಂದು ವಾಕ್ಯದೊಳಗೆ ಸೇರಿಸಿದರೂ ‘ವಿಲ್’ ಉಳಿಯುತ್ತದೆ, ಜಾಗ ಮಾತ್ರ ಬದಲಾಗುತ್ತದೆ: ‘ಐ ಡೋಂಟ್ ನೋ ವೆನ್ ಹಿ ವಿಲ್ ರಿಟರ್ನ್’. ಅನುಮಾನ ಬಂದರೆ ಕನ್ನಡದಲ್ಲಿ ಹೇಳಿನೋಡಿ. ‘ಬಂದಾಗ’ ಎಂಬ ಅರ್ಥವಿದ್ದರೆ ‘ವಿಲ್’ ಬೇಡ, ‘ಯಾವಾಗ ಬರುತ್ತಾನೆ’ ಎಂಬ ಅರ್ಥವಿದ್ದರೆ ಬೇಕು.

‘ರಿಟರ್ನ್ ಬ್ಯಾಕ್’

‘ರಿ’ ಎಂಬ ಲ್ಯಾಟಿನ್ ಪೂರ್ವಪ್ರತ್ಯಯಕ್ಕೇ ‘ಹಿಂದಕ್ಕೆ’ ಎಂಬ ಅರ್ಥವಿದೆ. ಹಳೆಯ ಫ್ರೆಂಚಿನ ‘ರೆತೊರ್ನೆರ್’ ಮೂಲಕ ಇಂಗ್ಲಿಷಿಗೆ ಬಂದ ಈ ಪದ ಅದನ್ನು ಹೊತ್ತೇ ತಂದಿದೆ. ಮತ್ತೆ ‘ಬ್ಯಾಕ್’ ಸೇರಿಸಿದರೆ ‘ಹಿಂದಕ್ಕೆ ಹಿಂದಿರುಗಿದ’ ಎಂದಂತೆ. ಕನ್ನಡದಲ್ಲಿ ‘ಮರಳಿ ಬಾ’, ‘ವಾಪಸ್ ಕೊಡು’ ಎಂದು ಎರಡು ಪದ ಬಳಸುವ ರೂಢಿ ಇರುವುದರಿಂದ ಇಂಗ್ಲಿಷಿನಲ್ಲೂ ಎರಡನೆಯ ಪದ ಬೇಕೆನಿಸುತ್ತದೆ. ಎರಡು ಪದ ಬೇಕೆಂದರೆ ‘ಕಮ್ ಬ್ಯಾಕ್’, ‘ಗಿವ್ ಬ್ಯಾಕ್’ ಎನ್ನಿ, ಒಂದು ಸಾಕೆಂದರೆ ‘ರಿಟರ್ನ್’. ‘ರಿಪ್ಲೈ ಬ್ಯಾಕ್’, ‘ರಿವರ್ಟ್ ಬ್ಯಾಕ್’ ಇವಕ್ಕೂ ಇದೇ ಕತ್ತರಿ. ‘ರಿಟರ್ನ್ ಅಗೇನ್’ ಮಾತ್ರ ತಪ್ಪೇನಲ್ಲ. ಒಮ್ಮೆ ಮರಳಿದವರು ಹೋಗಿ ಇನ್ನೊಮ್ಮೆ ಮರಳಿದರೆ ‘ಅಗೇನ್’ಗೆ ಕೆಲಸವಿದೆ.

‘ಕಮ್ ಬ್ಯಾಕ್’, ‘ಗೋ ಬ್ಯಾಕ್’, ‘ಗೆಟ್ ಬ್ಯಾಕ್’

‘ರಿಟರ್ನ್’ಗೆ ದಿಕ್ಕಿಲ್ಲ. ಮಾತಾಡುವವರು ಇರುವಲ್ಲಿಗೆ ಬಂದರೂ ಅದೇ, ಅವರನ್ನು ಬಿಟ್ಟು ಹೋದರೂ ಅದೇ. ‘ವಾಪಸ್ ಬಂದ’, ‘ವಾಪಸ್ ಹೋದ’ ಎಂಬ ವ್ಯತ್ಯಾಸ ಕಾಣಬೇಕಾದರೆ ‘ಕೇಮ್ ಬ್ಯಾಕ್’, ‘ವೆಂಟ್ ಬ್ಯಾಕ್’ ಬಳಸಬೇಕು. ‘ರಿಟರ್ನ್’ ಸ್ವಲ್ಪ ಗಂಭೀರ ಪದವೂ ಹೌದು. ಪತ್ರ, ವರದಿ, ಸುದ್ದಿಗಳಲ್ಲಿ ಅದು ಸರಿ, ಗೆಳೆಯರ ಮಾತಿಗೆ ‘ಕಮ್ ಬ್ಯಾಕ್’ ಹೊಂದುತ್ತದೆ.

‘ಹೋಗಿ ಬರ್ತೀನಿ’ ಎಂಬುದನ್ನು ‘ಐ ವಿಲ್ ಗೋ ಅಂಡ್ ಕಮ್’ ಎಂದರೆ ಕನ್ನಡ ಗೊತ್ತಿಲ್ಲದವರಿಗೆ ಅರೆಬರೆ ಅರ್ಥವಾಗುತ್ತದೆ. ಸ್ವಲ್ಪ ಹೊತ್ತಿಗೆ ಹೊರಡುವಾಗ ‘ಐ ವಿಲ್ ಬಿ ಬ್ಯಾಕ್ ಸೂನ್’ ಎನ್ನಬಹುದು. ಬೀಳ್ಕೊಳ್ಳುವಾಗ ಹೇಳುವ ‘ಹೋಗಿ ಬರ್ತೀನಿ’ಗೆ ಮರಳುವ ಅರ್ಥವೇ ಇಲ್ಲ, ಅದು ವಿದಾಯದ ಮಾತು. ಅಲ್ಲಿ ‘ಬೈ’, ‘ಸೀ ಯು’ ಸಾಕು, ‘ರಿಟರ್ನ್’ ತಂದು ತುರುಕಬೇಡಿ.

‘ಗೆಟ್ ಬ್ಯಾಕ್’ ಬಹಳ ಉಪಯೋಗದ ಜೋಡಿ. ‘ಐ ಗಾಟ್ ಬ್ಯಾಕ್ ಅಟ್ ನೈನ್’ ಎಂದರೆ ಒಂಬತ್ತಕ್ಕೆ ವಾಪಸ್ ತಲುಪಿದೆ. ‘ಐ ಗಾಟ್ ಮೈ ಮನಿ ಬ್ಯಾಕ್’ ಎಂದರೆ ನನ್ನ ದುಡ್ಡು ವಾಪಸ್ ಬಂತು. ಈ ಎರಡನೆಯದನ್ನು ನೆನಪಿಡಿ. ‘ದುಡ್ಡು ವಾಪಸ್ ಬಂತು’ ಎಂಬುದನ್ನು ‘ಮೈ ಮನಿ ರಿಟರ್ನ್ಡ್’ ಎಂದರೆ ದುಡ್ಡು ತಾನೇ ನಡೆದುಕೊಂಡು ಬಂದಂತೆ ಕೇಳಿಸುತ್ತದೆ. ‘ಮೈ ಮನಿ ವಾಸ್ ರಿಟರ್ನ್ಡ್’ ಎಂದು ಕರ್ಮಣಿ ಪ್ರಯೋಗ ಮಾಡಬೇಕು, ಇಲ್ಲವೇ ‘ಗಾಟ್ ಬ್ಯಾಕ್’ ಎನ್ನಬೇಕು. ಜ್ವರ, ನೋವು, ಹಸಿವು, ನೆನಪು, ಮಳೆ ಮುಂತಾದವು ಮಾತ್ರ ತಾವಾಗಿಯೇ ‘ರಿಟರ್ನ್’ ಆಗಬಲ್ಲವು: ‘ದ ಫೀವರ್ ರಿಟರ್ನ್ಡ್’.

‘ಗೆಟ್ ಬ್ಯಾಕ್ ಟು’ ಮುಂದೆ ವ್ಯಕ್ತಿ ಬಂದರೆ ಆಮೇಲೆ ಉತ್ತರ ಕೊಡುವುದು ಎಂದು ಅರ್ಥ: ‘ಐ ವಿಲ್ ಗೆಟ್ ಬ್ಯಾಕ್ ಟು ಯು ಟುಮಾರೋ’. ‘ಟು’ ಬದಲು ಅಪ್ಪಿತಪ್ಪಿ ‘ಅಟ್’ ಹಾಕಿ ‘ಗೆಟ್ ಬ್ಯಾಕ್ ಅಟ್ ಯು’ ಎಂದರೆ ಸೇಡು ತೀರಿಸಿಕೊಳ್ಳುತ್ತೇನೆ ಎಂದಾಗುತ್ತದೆ!

‘ರಿವರ್ಟ್’ ಎಂಬ ಕಚೇರಿ ಪದ

‘ಪ್ಲೀಸ್ ರಿವರ್ಟ್’ ಎಂದು ಬರೆಯುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಉತ್ತರ ಕೊಡಿ ಎಂಬ ಈ ಅರ್ಥವನ್ನು ಭಾರತೀಯ ಇಂಗ್ಲಿಷಿನ ಬಳಕೆಯೆಂದು ಗುರುತಿಸಿರುವ ನಿಘಂಟುಗಳಿವೆ. ನಮ್ಮವರ ನಡುವೆ ಅದು ಕೆಲಸ ಮಾಡುತ್ತದೆ, ಹಾಗಾಗಿ ಅಪರಾಧವೆಂದು ಹೇಳುವ ಅಗತ್ಯವಿಲ್ಲ. ತೊಂದರೆ ಇರುವುದು ಹೊರಗಿನ ಓದುಗರ ಜೊತೆ. ಬ್ರಿಟಿಷ್, ಅಮೆರಿಕನ್ ಇಂಗ್ಲಿಷ್ ಓದಿ ಬೆಳೆದವರಿಗೆ ‘ರಿವರ್ಟ್’ ಎಂದರೆ ಹಿಂದಿನ ಸ್ಥಿತಿಗೆ ಮರಳುವುದು. ‘ಪ್ಲೀಸ್ ರಿವರ್ಟ್’ ಎಂದರೆ ‘ಯಾವ ಸ್ಥಿತಿಗೆ?’ ಎಂಬ ಪ್ರಶ್ನೆ ಅವರಿಗೆ ಏಳುತ್ತದೆ. ಪತ್ರದಲ್ಲಿ ಒಂದು ತಿದ್ದುಪಡಿಯ ಮಾತಿದ್ದರಂತೂ ‘ತಿದ್ದಿದ್ದನ್ನು ರದ್ದುಮಾಡಿ ಮೊದಲಿನಂತೆ ಮಾಡಿ’ ಎಂದೇ ಓದಿಕೊಂಡಾರು. ಅಲ್ಲಿಗೆ ಕೆಲಸ ಕೆಟ್ಟಿತು. ‘ಪ್ಲೀಸ್ ರಿಪ್ಲೈ ಬೈ ಫ್ರೈಡೇ’, ‘ಪ್ಲೀಸ್ ಲೆಟ್ ಮಿ ನೋ ಬೈ ಫ್ರೈಡೇ’ ಎಂದು ಬರೆದರೆ ಎಲ್ಲರಿಗೂ ಒಂದೇ ಅರ್ಥ. ದಿನಾಂಕವನ್ನೂ ಸೇರಿಸಿದರೆ ಉತ್ತರ ಬರುವ ಸಾಧ್ಯತೆ ಹೆಚ್ಚು.

‘ರಿವರ್ಟ್’ನ ನಿಜವಾದ ಜಾಗಗಳು ಮೂರು. ಒಂದು, ಹಳೆಯ ಸ್ಥಿತಿ ಅಥವಾ ಹಳೆಯ ಚಾಳಿಗೆ ಮರಳುವುದು: ‘ದ ಫೋನ್ ರಿವರ್ಟೆಡ್ ಟು ಇಟ್ಸ್ ಓಲ್ಡ್ ಸೆಟಿಂಗ್ಸ್’. ಇದರಲ್ಲಿ ‘ಟು’ ಬಿಡುವಂತಿಲ್ಲ. ಎರಡು, ಕಾನೂನಿನಲ್ಲಿ ಆಸ್ತಿ ಮೂಲ ಒಡೆಯನಿಗೆ ಅಥವಾ ವಾರಸುದಾರರಿಗೆ ಮರಳುವುದು: ಗುತ್ತಿಗೆಯ ಅವಧಿ ಮುಗಿದಾಗ ‘ದ ಲ್ಯಾಂಡ್ ರಿವರ್ಟ್ಸ್ ಟು ದಿ ಓನರ್’. ಮೂರು, ಸಾಫ್ಟ್‌ವೇರ್. ಇಲ್ಲಿ ಅದು ಸಕರ್ಮಕವಾಗುತ್ತದೆ: ‘ರಿವರ್ಟ್ ದ ಚೇಂಜಸ್’. ಪ್ರೋಗ್ರಾಮಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ಸಾಧನ ಬಳಸುವವರಿಗೆ ಇದೊಂದು ಆಜ್ಞೆಯ ಹೆಸರೇ. ಅದು ಹಳೆಯ ಕಮಿಟ್ (ದಾಖಲಾದ ಬದಲಾವಣೆ) ಅನ್ನು ಅಳಿಸುವುದಿಲ್ಲ, ಅದರ ಬದಲಾವಣೆಗಳಿಗೆ ವಿರುದ್ಧವಾದ ಹೊಸ ಕಮಿಟ್ ಒಂದನ್ನು ಸೇರಿಸುತ್ತದೆ.

ವ್ಯಕ್ತಿ ಊರಿಗೆ ಬರುವುದಕ್ಕೆ, ಪುಸ್ತಕ ವಾಪಸ್ ಕೊಡುವುದಕ್ಕೆ ‘ರಿವರ್ಟ್’ ಬಳಸುವಂತಿಲ್ಲ. ಅವೆರಡೂ ‘ರಿಟರ್ನ್’ನ ಹೊಲ.

ಕೊಟ್ಟದ್ದಕ್ಕೆ ಪ್ರತಿಯಾಗಿ

ವಸ್ತುವೇ ಇಲ್ಲದೆಯೂ ‘ರಿಟರ್ನ್’ ಮಾಡಬಹುದು. ‘ರಿಟರ್ನ್ ಎ ಕಾಲ್’ ಎಂದರೆ ಫೋನ್ ಮಾಡಿದವರಿಗೆ ತಿರುಗಿ ಫೋನ್ ಮಾಡುವುದು. ‘ರಿಟರ್ನ್ ಎ ಸ್ಮೈಲ್’ ಎಂದರೆ ನಕ್ಕವರನ್ನು ನೋಡಿ ನಗುವುದು. ‘ರಿಟರ್ನ್ ಎ ಫೇವರ್’ ಎಂದರೆ ಉಪಕಾರಕ್ಕೆ ಪ್ರತ್ಯುಪಕಾರ. ಸಿಕ್ಕಿದ್ದನ್ನೇ ವಾಪಸ್ ಕೊಡುವುದು ಇಲ್ಲಿ ಸಾಧ್ಯವಿಲ್ಲ, ಅಂಥದ್ದೇ ಇನ್ನೊಂದನ್ನು ಕೊಡುವುದು. ಟೆನಿಸ್‌ನಲ್ಲಿ ಎದುರಾಳಿಯ ಸರ್ವ್ ಅನ್ನು ಹೊಡೆಯುವುದೂ ‘ರಿಟರ್ನ್’.

‘ಇನ್ ರಿಟರ್ನ್’ ಎಂದರೆ ಪ್ರತಿಯಾಗಿ: ‘ಶಿ ಹೆಲ್ಪ್ಡ್ ಮಿ ಅಂಡ್ ವಾಂಟೆಡ್ ನಥಿಂಗ್ ಇನ್ ರಿಟರ್ನ್’. ಇದನ್ನು ‘ಇನ್ ಟರ್ನ್’ ಜೊತೆ ಕಲಸಬೇಡಿ, ಅದಕ್ಕೆ ಸರದಿಯಂತೆ, ಒಂದಾದ ಮೇಲೊಂದರಂತೆ ಎಂಬ ಅರ್ಥ. ಯಾವುದಕ್ಕೆ ಪ್ರತಿಯಾಗಿ ಎಂದು ಹೇಳಬೇಕಾದರೆ ‘ಇನ್ ರಿಟರ್ನ್ ಫಾರ್’.

ನ್ಯಾಯಾಲಯದಲ್ಲಿ ಜ್ಯೂರಿ ತೀರ್ಮಾನ ಕೊಡುವುದನ್ನು ‘ರಿಟರ್ನ್ ಎ ವರ್ಡಿಕ್ಟ್’ ಎನ್ನುತ್ತಾರೆ. ಚುನಾವಣೆಯಲ್ಲಿ ‘ರಿಟರ್ನ್ಡ್ ಅನ್‌ಅಪೋಸ್ಡ್’ ಎಂದರೆ ಅವಿರೋಧವಾಗಿ ಆಯ್ಕೆಯಾದರು. ಇವೆರಡರಲ್ಲೂ ಒಪ್ಪಿಸಿದ ಕೆಲಸದ ಫಲಿತಾಂಶವನ್ನು ಅಧಿಕೃತವಾಗಿ ತಿರುಗಿ ತಿಳಿಸುವ ಅರ್ಥ ಅಡಗಿದೆ. ‘ರಿಟರ್ನಿಂಗ್ ಆಫೀಸರ್’ ಎಂಬ ಹುದ್ದೆಯ ಹೆಸರು ಬಂದದ್ದೂ ಹೀಗೆ: ಬ್ರಿಟನ್ನಿನಲ್ಲಿ ಚುನಾವಣೆ ನಡೆಸಲು ಬಂದ ಆಜ್ಞಾಪತ್ರದ ಮೇಲೆ ಗೆದ್ದವರ ಹೆಸರು ಬರೆದು ವಾಪಸ್ ಕಳಿಸುವುದು ಆ ಅಧಿಕಾರಿಯ ಕೆಲಸ.

ಆದಾಯ ತೆರಿಗೆಯ ‘ರಿಟರ್ನ್’ ಕೂಡ ಈ ಕುಟುಂಬದ್ದೇ. ಅದು ಸರ್ಕಾರಕ್ಕೆ ಸಲ್ಲಿಸುವ ಲೆಕ್ಕದ ಹೇಳಿಕೆ, ಅದಕ್ಕೆ ‘ಫೈಲ್’ ಎಂಬ ಕ್ರಿಯಾಪದ ಸೇರುತ್ತದೆ. ಹೆಚ್ಚಾಗಿ ಕಟ್ಟಿದ ತೆರಿಗೆ ನಮಗೆ ವಾಪಸ್ ಬಂದರೆ ಅದು ‘ರೀಫಂಡ್’. ‘ನನಗೆ ರಿಟರ್ನ್ ಬಂತು’ ಎಂದು ಮಾತಿನಲ್ಲಿ ನಡೆದರೂ ಬರವಣಿಗೆಯಲ್ಲಿ ಎರಡನ್ನೂ ಬೇರೆಯಾಗಿ ಇಡಿ. ಕೊಂಡ ವಸ್ತುವಿನಲ್ಲೂ ಹೀಗೇ: ನೀವು ವಸ್ತುವನ್ನು ‘ರಿಟರ್ನ್’ ಮಾಡುತ್ತೀರಿ, ಮಾರಿದವರು ಹಣವನ್ನು ‘ರೀಫಂಡ್’ ಮಾಡುತ್ತಾರೆ. ಹಣದ ಬದಲು ಬೇರೆ ವಸ್ತು ಪಡೆದರೆ ‘ಎಕ್ಸ್‌ಚೇಂಜ್’. ಹೂಡಿಕೆಯ ಲಾಭಕ್ಕೂ ‘ರಿಟರ್ನ್’ ಎನ್ನುತ್ತಾರೆ, ಆಗ ಮುಂದೆ ‘ಆನ್’ ಬರುತ್ತದೆ.

ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ‘ರಿಟರ್ನ್’ ಬಂದರೆ ಆ ಫಂಕ್ಷನ್ (ಒಂದು ಕೆಲಸಕ್ಕೆಂದು ಬರೆದ ಸೂಚನೆಗಳ ಗುಂಪು) ಅಲ್ಲಿಗೆ ಮುಗಿಯಿತು, ಫಲವನ್ನು ಕರೆದ ಕಡೆಗೆ ಒಪ್ಪಿಸಿತು ಎಂದರ್ಥ. ‘ದ ಸರ್ಚ್ ರಿಟರ್ನ್ಡ್ ನೋ ರಿಸಲ್ಟ್ಸ್’ ಎಂಬ ವಾಕ್ಯ ಅಲ್ಲಿಂದ ಮಾಮೂಲಿ ಬರವಣಿಗೆಗೂ ಬಂದಿದೆ.

ಹುಟ್ಟುಹಬ್ಬದ ‘ಮೆನಿ ಹ್ಯಾಪಿ ರಿಟರ್ನ್ಸ್’ ಎಂದರೆ ಈ ದಿನ ಸಂತೋಷದಿಂದ ಮತ್ತೆ ಮತ್ತೆ ಬರಲಿ ಎಂಬ ಹಾರೈಕೆ. ಇಲ್ಲಿ ‘ರಿಟರ್ನ್ಸ್’ ನಾಮಪದದ ಬಹುವಚನ, ಹಾಗಾಗಿ ಕೊನೆಯ ‘ಸ್’ ಬಿಡುವಂತಿಲ್ಲ.

ಕೆಲವು ವಾಕ್ಯಗಳನ್ನು ತಿದ್ದಿನೋಡಿ

ಮೊದಲು ಕನ್ನಡ ವಾಕ್ಯವನ್ನಷ್ಟೇ ಓದಿ, ಇಂಗ್ಲಿಷ್ ವಾಕ್ಯವನ್ನು ನೀವೇ ಕಟ್ಟಿಕೊಂಡು ಆಮೇಲೆ ಮುಂದಕ್ಕೆ ನೋಡಿ.

‘ಅವಳು ಬಂದ ತಕ್ಷಣ ನನಗೆ ಫೋನ್ ಮಾಡಲು ಹೇಳಿ.’ ‘ಆಸ್ಕ್ ಹರ್ ಟು ಕಾಲ್ ಮಿ ಆ್ಯಸ್ ಸೂನ್ ಆ್ಯಸ್ ಶಿ ಗೆಟ್ಸ್ ಬ್ಯಾಕ್.’ ‘ವಿಲ್’ ಇಲ್ಲ. ‘ರಿಟರ್ನ್ಸ್’ ಎಂದರೂ ಸರಿ, ಆದರೆ ಮಾತಿಗೆ ‘ಗೆಟ್ಸ್ ಬ್ಯಾಕ್’ ಚೆನ್ನ.

‘ಹತ್ತು ವರ್ಷಗಳ ನಂತರ ಅವನು ಮತ್ತೆ ಚಿತ್ರ ಬರೆಯತೊಡಗಿದ.’ ‘ಆಫ್ಟರ್ ಟೆನ್ ಇಯರ್ಸ್, ಹಿ ರಿಟರ್ನ್ಡ್ ಟು ಪೇಂಟಿಂಗ್.’ ‘ಟು ಪೇಂಟ್’ ಎಂದರೆ ಚಿತ್ರ ಬರೆಯುವುದಕ್ಕೆಂದು ಎಲ್ಲಿಗೋ ಬಂದ ಎಂದಾಗುತ್ತದೆ.

‘ನನ್ನ ಠೇವಣಿ ಇನ್ನೂ ವಾಪಸ್ ಬಂದಿಲ್ಲ.’ ‘ಐ ಹ್ಯಾವಂಟ್ ಗಾಟ್ ಮೈ ಡಿಪಾಸಿಟ್ ಬ್ಯಾಕ್ ಯೆಟ್.’ ಪತ್ರದಲ್ಲಾದರೆ ‘ಮೈ ಡಿಪಾಸಿಟ್ ಹ್ಯಾಸ್ ನಾಟ್ ಯೆಟ್ ಬೀನ್ ರಿಟರ್ನ್ಡ್’. ಈ ವಾಕ್ಯದಲ್ಲಿ ‘ಬೀನ್’ ಬಿಟ್ಟುಹೋಗುವುದು ಸಾಮಾನ್ಯ.

‘ನಿನ್ನೆ ತೆಗೆದುಕೊಂಡು ಹೋದ ಛತ್ರಿಯನ್ನು ನನಗೆ ವಾಪಸ್ ಕೊಡು.’ ‘ಗಿವ್ ಮಿ ಬ್ಯಾಕ್ ದಿ ಅಂಬ್ರೆಲಾ ಯು ಟುಕ್ ಯೆಸ್ಟರ್‌ಡೇ.’ ಇಲ್ಲಿ ಕರ್ಮ ಉದ್ದವಾಗಿದೆ. ‘ಬ್ಯಾಕ್’ ಅನ್ನು ವಾಕ್ಯದ ಕೊನೆಗೆ ತಳ್ಳಿದರೆ ಅದು ‘ಟುಕ್’ಗೆ ಅಂಟಿಕೊಂಡು, ನಿನ್ನೆ ನೀನೇ ವಾಪಸ್ ತೆಗೆದುಕೊಂಡು ಹೋದ ಛತ್ರಿ ಎಂಬ ಬೇರೆಯೇ ಅರ್ಥಕ್ಕೆ ದಾರಿಮಾಡುತ್ತದೆ. ಆದ್ದರಿಂದ ‘ಮಿ’ ಆದ ಕೂಡಲೇ ‘ಬ್ಯಾಕ್’ ಇಟ್ಟು ಮುಂದುವರಿಯಬೇಕು.